ಚಿಕ್ಕಪ್ಪನ ಬಚ್ಚಲ ಬಾಗಿಲು

ಕ್ಯಾಸಂಬಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಮನೆಗೆ ಹೋಗುವವರು ದಯವಿಟ್ಟು ಸ್ನಾನ ಮುಗಿಸಿಕೊಂಡೇ ಹೋಗಿ. ಅಲ್ಲಿ ಬಚ್ಚಲಿದೆ, ತಾಮ್ರದ ಹಂಡೆಯಿದೆ, ಸುಡುಸುಡು ನೀರೂ ಇದೆ. ಬಾಗಿಲು ಮಾತ್ರ ಇಲ್ಲ! ಚಿಕ್ಕಮ್ಮನ ಹಳೆಯ ಸೀರೆಯೊಂದು ಅಡ್ಡಕ್ಕೆ ನೇತಾಡುತ್ತಿರುತ್ತದೆ. ಗಾಳಿ ಬೀಸಿದರೆ ನಿಮ್ಮ ಮಾನ ನಿಮ್ಮ ಕೈಯಲ್ಲಿ.

ಸೂರಿಲ್ಲದವರನ್ನು ಕಂಡರೆ ಚಿಕ್ಕಪ್ಪನ ಕೈ ಸುಮ್ಮನಿರುವುದಿಲ್ಲ. ಗಾಡಿಯಲ್ಲಿ ಗಣಿ ಪಟ್ಟಣ ಊರಿಗಾಂಗೆ ಹಾಲು ಹಾಕಲು ಹೋದವನು ಖಾಲಿ ಕ್ಯಾನಿನ ಜೊತೆ ಹಳೇ ಪೈಪು, ತಗಡು ಕಟ್ಟಿಕೊಂಡು ಬರುತ್ತಾನೆ. ನಾಲ್ಕು ಕಂಬ, ಸುತ್ತ ತಗಡು, ಮೇಲೂ ತಗಡು, ಮನೆ ರೆಡಿ! ಆದರೆ ಕಟ್ಟುವ ಕ್ರಮವೇ ಬೇರೆ. ಇವನು ಬಟ್ಟಬಯಲಿನಲ್ಲಿ ಮೊದಲು ಚಿಲಕ ಸಮೇತ ಬಾಗಿಲು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾನೆ. ಆಮೇಲೆ ಗೋಡೆ ಇರಲಿ ಬಿಡಲಿ, ಯಾರೂ ಪಕ್ಕದಿಂದ ನುಗ್ಗುವಂತಿಲ್ಲ!

ಒಮ್ಮೆ ನಾನು ಕಾಫಿ ಹಿಡಿದು ನೇರವಾಗಿ ಅವನ ಹತ್ತಿರ ನಡೆದುಹೋದೆ.

"ಲೇ, ಗೋಡೆ ತೂರ್ಕೊಂಡು ಬತ್ತೀಯಲ್ಲ, ಬಾಗ್ಲು ಕಾಣಲ್ವಾ?"

ಗೋಡೆ ಎಲ್ಲಿತ್ತು ಸ್ವಾಮಿ? ಆದರೂ ಸುತ್ತಿಕೊಂಡು ಹೋಗಿ ಬಾಗಿಲು ತಟ್ಟಿದೆ. ನನ್ನನ್ನೇ ನೋಡುತ್ತಾ, ಯಾರು ಎಂದು ಕೇಳಿದ! ನಾನು ಹೆಸರು ಹೇಳಿ ಒಳಗೆ ಹೋಗುವಷ್ಟರಲ್ಲಿ ಕಾಫಿ ಆರಿಹೋಗಿತ್ತು.

ಈ ಮಳೆಗಾಲದಲ್ಲಿ ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಹಳೇ ಲೈನ್ ಮನೆಯೊಂದರ ಗೋಡೆ ಕುಸಿಯಿತು. ಅಲ್ಲಿದ್ದ ಕೂಲಿ ಹೆಂಗಸು ವಯಸ್ಸಿಗೆ ಬಂದ ಮಗಳೊಂದಿಗೆ ಮುಚ್ಚಿದ ಅಂಗಡಿಯೊಂದರ ಜಗಲಿ ಸೇರಿದಳು. ರಾತ್ರಿಯೆಲ್ಲಾ ಮಗಳು ಮಲಗುತ್ತಿದ್ದಳು, ತಾಯಿ ಕಣ್ಣು ಮುಚ್ಚದೆ ಕಾವಲು ಕೂರುತ್ತಿದ್ದಳು. ಬೆಳಗಾದರೆ ಮತ್ತೆ ಕೂಲಿ. ಇದು ತಿಳಿದ ಮೇಲೆ ಚಿಕ್ಕಪ್ಪ ನಿಂತಲ್ಲಿ ನಿಲ್ಲಲಿಲ್ಲ. ಅವಳ ನೆಂಟರೊಬ್ಬರು ಜಾಗ ಕೊಟ್ಟರು, ತಗಡೂ ಸಿಕ್ಕಿತು, ಬಾಗಿಲು ಮಾತ್ರ ಎಲ್ಲೂ ಸಿಗಲಿಲ್ಲ. ಸಿಗದಿದ್ದರೇನು? ಚಿಕ್ಕಮ್ಮ ಬಂಗಾರಪೇಟೆಗೆ ಹೋಗಿ ಬರುವಷ್ಟರಲ್ಲಿ ಬಚ್ಚಲ ಬಾಗಿಲು ಗಾಡಿ ಹತ್ತಿತ್ತು!

ಗೃಹಪ್ರವೇಶಕ್ಕೆ ಚಿಕ್ಕಮ್ಮನೂ ಬಂದಳು. ಹರಸುವುದಕ್ಕಲ್ಲ, ಬಾಗಿಲಿಗಾಗಿ! ಪೂಜೆ ಮುಗಿದ ತಕ್ಷಣ ಬಿಚ್ಚಿಕೊಂಡೇ ಹೋಗುತ್ತೇನೆಂದು ದಾರಿಯುದ್ದಕ್ಕೂ ಸಾರಿದ್ದಳು. ಸ್ಕ್ರೂಡ್ರೈವರ್ ಹೊತ್ತು ತಂದವನು ನಾನೇ. ಚಿಕ್ಕಪ್ಪನೋ, ಮದುವೆ ಮನೆಯ ಯಜಮಾನನಂತೆ ಓಡಾಡುತ್ತಿದ್ದ.

ಹಾಲು ಉಕ್ಕಿತು. ನಾವೆಲ್ಲ ಹೊರಗೆ ಬಂದು ಪಾಯಸಕ್ಕೆ ಕೂತೆವು. ಒಳಗಿದ್ದ ತಾಯಿ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಸೀರೆ ಬದಲಾಯಿಸುತ್ತಿರಬೇಕು ಎಂದುಕೊಂಡೆವು. ಪಾಯಸ ಖಾಲಿಯಾಯಿತು, ಬಿಸಿಲು ಏರಿತು, ಬಾಗಿಲು ತೆರೆಯಲಿಲ್ಲ. ಕೊನೆಗೆ ಒಳಗೇ ಉಳಿದಿದ್ದ ಮಗಳು ತಗಡಿನಲ್ಲಿ ಕೊರೆದ ಕಿಟಕಿಯಲ್ಲಿ ಮುಖ ತೋರಿಸಿ ಪಿಸುಗುಟ್ಟಿದಳು.

"ಅಮ್ಮ ಮಲ್ಕೊಂಬುಟ್ಟವ್ಳೆ."

ಚಿಕ್ಕಮ್ಮನಿಗೆ ಹೊತ್ತಾಯಿತಲ್ಲ ಎಂದು ನಾನು ಬಾಗಿಲು ತಟ್ಟಲು ಹೋದೆ. ಚಿಕ್ಕಮ್ಮನೇ ನನ್ನ ಕೈ ಹಿಡಿದಳು.

"ತಟ್ಬ್ಯಾಡ ಕಣ್ಲಾ. ಮಲ್ಗಲಿ."

ಚಿಕ್ಕಮ್ಮ ನನ್ನಿಂದ ಸ್ಕ್ರೂಡ್ರೈವರನ್ನು ಕಿತ್ತುಕೊಂಡು ಚೀಲಕ್ಕೆ ಹಾಕಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರೂ ಬಂದು ತಟ್ಟದ ಹಾಗೆ ತನ್ನ ಬಚ್ಚಲ ಬಾಗಿಲ ಮುಂದೆ ಕಾವಲು ಕೂತಳು.