ಬದುಕಿದ್ದಾಗಲೇ ದೇಹದಾನ

ಸತ್ತ ಮೇಲೆ ದೇಹದಾನ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಅಂಥ ಹೆಚ್ಚುಗಾರಿಕೆ ಏನಿದೆ ಹೇಳಿ? ಸತ್ತ ಮೇಲೆ ಯಾರು ಬೇಕಾದರೂ ಸುಮ್ಮನೆ ಮಲಗಿರಬಲ್ಲರು! ನಾನು ಆ ಪೈಕಿ ಅಲ್ಲ. ಬದುಕಿದ್ದಾಗಲೇ, ಕಣ್ಣು ಬಿಟ್ಟುಕೊಂಡೇ, ಇಸ್ತ್ರಿ ಹಾಕಿದ ಅಂಗಿಯ ಸಮೇತ ಈ ದೇಹವನ್ನು ವಿಜ್ಞಾನಕ್ಕೆ ಅರ್ಪಿಸಿಬಿಡುವುದು ಎಂದು ತೀರ್ಮಾನಿಸಿದೆ.

ಇಂಥ ಮಹಾತ್ಯಾಗದ ಯೋಚನೆ ಬಂದದ್ದು ನನ್ನ ಕೆಲಸದಿಂದ. ನಾನು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದಲ್ಲಿದ್ದೇನೆ. ಯಾವ ಯಾವ ವಿಭಾಗದವರು ಏನೇನು ಸಂಶೋಧನೆ ಮಾಡುತ್ತಿದ್ದಾರೋ ಅದನ್ನೆಲ್ಲ ತಿಂಗಳ ಪತ್ರಿಕೆಗೆ ಪುಟ ಕಟ್ಟಿ ಅಚ್ಚಿಗೆ ಕಳಿಸುವುದು ನನ್ನ ಉದ್ಯೋಗ. ಒಬ್ಬರು ದಾರಿ ತಪ್ಪಿದ ಇರುವೆ ಮನೆಗೆ ಹೇಗೆ ಹೋಗುತ್ತದೆ ಎಂದು ನೋಡುತ್ತಿರುತ್ತಾರೆ. ಇನ್ನೊಬ್ಬರು ಮೊಣಕಾಲು ಯಾಕೆ ಲಟಕ್ಕೆನ್ನುತ್ತದೆ ಎಂದು ಕಿವಿಗೊಟ್ಟು ಕೂತಿರುತ್ತಾರೆ. ಸಾಲಿನಲ್ಲಿ ನಿಂತವರಿಗೆಲ್ಲ ಪಕ್ಕದ ಸಾಲೇ ಬೇಗ ಸರಿಯುತ್ತಿದೆ ಅಂತ ಯಾಕೆ ಅನ್ನಿಸುತ್ತದೆ ಎಂದು ತಿಳಿಯಲು ಮತ್ತೊಬ್ಬರು ವರ್ಷಗಟ್ಟಲೆ ಸಾಲಿನಲ್ಲೇ ನಿಂತಿದ್ದಾರೆ! ಇವರದೆಲ್ಲ ಬೇರೆ ಬೇರೆ ವಿದ್ಯೆ, ಆದರೆ ಗೋಳು ಮಾತ್ರ ಒಂದೇ: ಸ್ವಯಂಸೇವಕರು ಸಾಕಷ್ಟು ಸಿಗಲಿಲ್ಲ. ಅಂದರೆ ಅವರ ಹತ್ತಿರ ಬುದ್ಧಿ ಧಾರಾಳವಾಗಿದೆ, ದೇಹಕ್ಕೆ ಕೊರತೆ. ನನ್ನ ಪರಿಸ್ಥಿತಿ ಅದಕ್ಕೆ ಸರಿಯಾಗಿ ಉಲ್ಟಾ.

ಅಂದು ಸಂಜೆಯೇ ಹೆಂಡತಿಯ ಮುಂದೆ ಎದೆಯುಬ್ಬಿಸಿ ನಿಂತೆ.

“ಇನ್ನು ಮೇಲೆ ಈ ದೇಹ ನನ್ನದಲ್ಲ ಕಣೇ. ವಿಜ್ಞಾನದ್ದು!”

“ಹಾಗಾದ್ರೆ ವಿಜ್ಞಾನಕ್ಕೆ ಸ್ವಲ್ಪ ಹೇಳಿ, ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀಬೇಡ ಅಂತ.”

ನನ್ನ ಹೆಂಡತಿಯ ವಿಷಯ ಇಲ್ಲಿ ಹೇಳಲೇಬೇಕು. ಮಕ್ಕಳು ದೊಡ್ಡವರಾಗಿ ಹಾಸ್ಟೆಲ್ ಸೇರಿದ ಮೇಲೆ ನಮ್ಮ ವಿಶ್ವವಿದ್ಯಾಲಯದಲ್ಲೇ ಮತ್ತೆ ಓದಿಗೆ ಕೂತವಳು ಅವಳು. ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ ತೆಗೆಯುವವರ ಹೃದಯಕ್ಕೂ ತೆಗೆಯದವರ ಹೃದಯಕ್ಕೂ ಏನು ವ್ಯತ್ಯಾಸ ಎನ್ನುವುದು ಅವಳ ಸಂಶೋಧನೆ. ಈ ವ್ಯತ್ಯಾಸ ಕಂಡುಹಿಡಿಯುವ ಗಡಿಬಿಡಿಯಲ್ಲಿ ಅವಳು ಮಧ್ಯಾಹ್ನ ಮಲಗಿ ವರ್ಷಗಳಾಗಿದ್ದವು. ತಿಂಗಳ ಕೊನೆಗೆ ಪರೀಕ್ಷಕರ ಮುಂದೆ ಅದನ್ನು ಮಂಡಿಸಬೇಕು. ಅವರು ತಲೆಯಾಡಿಸಿದರೆ ಡಾಕ್ಟರೇಟು, ಇಲ್ಲದಿದ್ದರೆ ಇಷ್ಟು ವರ್ಷದ್ದೆಲ್ಲ ನೀರುಪಾಲು. ಅಂದು ಹಾಕಿಕೊಳ್ಳಲೆಂದು ಹೊಸ ಬೂಟು ತಂದು ಆಗಲೇ ಮನೆಯೊಳಗೆ ಟಕಟಕ ನಡೆದು ಪಳಗಿಸುತ್ತಿದ್ದಳು.

“ಹಾಗಾದರೆ ಮೊದಲ ದಾನ ನಿನಗೇ. ನನ್ನ ಹೃದಯ ತಗೋ!” ಎಂದೆ.

“ಮನೆಯವರನ್ನ ಸೇರಿಸ್ಕೊಳ್ಳೋ ಹಾಗಿಲ್ಲ ಕಣ್ರೀ. ನಿಯಮ ಇದೆ.”

“ಮದುವೆ ದಿನವೇ ಕೊಟ್ಟಿದ್ದೆನಲ್ಲೇ!”

“ಕೊಟ್ಟಿದ್ರಿ. ಅದಕ್ಕೇ ಬೇಡ ಅಂತಿರೋದು. ಅದರ ಕೆಲಸ ನೋಡಿದೀನಿ.”

ಸರಿ, ಉಳಿದ ವಿಭಾಗಗಳ ಮೇಲೆ ದಂಡೆತ್ತಿ ಹೋದೆ. ಕೀಟಗಳ ವಿಭಾಗದಲ್ಲಿ, ಸೊಳ್ಳೆಗಳಿಗೆ ಎಂಥವರ ರಕ್ತ ಇಷ್ಟ ಎಂದು ನೋಡುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಧೀರನಂತೆ ಕೈ ಇಟ್ಟೆ. ಸೊಳ್ಳೆಗಳು ಬಂದವು, ಮೂಸಿದವು, ಹೊರಟುಹೋದವು. “ಬೇಜಾರು ಮಾಡ್ಕೋಬೇಡಿ” ಎಂದು ಸಂಶೋಧಕರು ಬೆನ್ನು ತಟ್ಟಿ ಕಳಿಸಿದರು. ಆಹಾರ ವಿಜ್ಞಾನದವರು ಮಾತ್ರ ನನ್ನನ್ನು ಕೈಬಿಡಲಿಲ್ಲ. ದಿನವಿಡೀ ದೊಡ್ಡ ದೊಡ್ಡ ಲೋಟದಲ್ಲಿ ಕಾಫಿ ಕುಡಿದು ನಾಲಿಗೆಗೆ ಹೇಗನ್ನಿಸಿತು ಎಂದು ಹೇಳಬೇಕು ಅಂದರು. ಇದಕ್ಕಿಂತ ಸ್ವರ್ಗ ಬೇಕೆ?

ಮೂರನೆಯದು ಮನಶ್ಶಾಸ್ತ್ರದವರದು. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕಾರಣವಿಲ್ಲದೆ ಗಟ್ಟಿಯಾಗಿ ನಗಬೇಕು. ಮೊದಲ ದಿನ ಬಚ್ಚಲುಮನೆಯಿಂದ ನನ್ನ ಅಟ್ಟಹಾಸ ಹೊಮ್ಮಿದಾಗ, ನಮ್ಮ ಜೊತೆಯಲ್ಲೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಡುಗೆಮನೆಯಲ್ಲಿ ಗಾಬರಿಯಾದರು.

“ಏನಾಯ್ತೇ ಅಳಿಯಂದಿರಿಗೆ?”

“ಏನಿಲ್ಲಮ್ಮ, ಮನಶ್ಶಾಸ್ತ್ರದವರು ಸೇರಿಸ್ಕೊಂಡಿದಾರೆ.”

“ಅಯ್ಯೋ ಪಾಪ! ಬೇಗ ವಾಸಿಯಾಗಲಿ.”

ಹೀಗೆ ಎರಡು ಇಲಾಖೆಗಳ ಆಸ್ತಿಯಾಗಿ ನಾನು ಮೆರೆಯುತ್ತಿದ್ದಾಗ ಹೆಂಡತಿ ಒಂದು ದಿನ ಮುಖ ಬಾಡಿಸಿಕೊಂಡು ಬಂದಳು. ನಲವತ್ತು ದಾಟಿದ ಒಬ್ಬ ಸ್ವಯಂಸೇವಕ ಅರ್ಧದಲ್ಲೇ ಕೈಕೊಟ್ಟಿದ್ದನಂತೆ. “ಕೊನೇ ಗಳಿಗೇಲಿ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ?” ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಲವತ್ತು ದಾಟಿದವನೊಬ್ಬ ಎದುರಿಗೇ ಕೂತು ತಿನ್ನುತ್ತಿದ್ದಾನೆ, ಅವನನ್ನು ಬಳಸಿಕೊಳ್ಳುವ ಹಾಗಿಲ್ಲ! ಪ್ರೀತಿಗೆ ಇದೆಂಥ ನಿಯಮ?

ಮರುದಿನ ಅವಳು ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಹೋಗುವ ಹೊತ್ತು ನೋಡಿ ಅವಳ ಪ್ರಯೋಗಾಲಯಕ್ಕೆ ನುಗ್ಗಿದೆ. ಸಹಾಯಕಿ ಹೊಸಬಳು, ನನ್ನನ್ನು ಗುರುತಿಸಲಿಲ್ಲ.

“ಮೇಡಂಗೆ ನನ್ನ ಹೆಸರು ಗೊತ್ತಾಗುತ್ತಾ?”

“ಇಲ್ಲ ಸಾರ್. ಅವರಿಗೆ ನಂಬರು ಮಾತ್ರ ಹೋಗುತ್ತೆ. ನೀವು ಮನುಷ್ಯರಲ್ಲ, ಬರೀ ನಂಬರು ಅಂದ್ಕೊಳ್ಳಿ.”

ಎದೆಬಡಿತ ಅಳೆಯುವ ಒಂದು ಪಟ್ಟಿಯನ್ನು ತೋಳಿಗೆ ಬಿಗಿದಳು. ಕೆಲಸದ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕಟ್ಟಿಕೊಂಡಿರಬೇಕು, ಲೆಕ್ಕ ತಾನಾಗಿಯೇ ಪ್ರಯೋಗಾಲಯಕ್ಕೆ ಹೋಗುತ್ತದೆ. ಆಮೇಲೆ ಬಾಂಬು ಹಾಕಿದಳು: “ಕಾಫಿ ಮುಟ್ಟೋ ಹಾಗಿಲ್ಲ ಸಾರ್. ಗಟ್ಟಿಯಾಗಿ ನಗೋ ಹಾಗೂ ಇಲ್ಲ.”

ನೋಡಿ ನನ್ನ ಪೇಚಾಟ! ಒಂದು ಇಲಾಖೆ ಕುಡಿ ಅನ್ನುತ್ತದೆ, ಇನ್ನೊಂದು ಮುಟ್ಟಬೇಡ ಅನ್ನುತ್ತದೆ. ಒಂದು ನಗು ಅಂದರೆ ಮತ್ತೊಂದು ಬಾಯಿ ಮುಚ್ಚು ಅನ್ನುತ್ತದೆ. ಇರುವುದು ಒಂದೇ ದೇಹ, ಹಂಚುವುದು ಎಷ್ಟು ಜನಕ್ಕೆ? ಒಂದು ದಿನ ಕಾಫಿಯಿಲ್ಲದೆ ಕಳೆದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿದು, ಮುಖ್ಯ ಲೇಖನವನ್ನು ತಲೆಕೆಳಗಾಗಿ ಪುಟ ಕಟ್ಟಿದೆ. ಆಗ ನನ್ನ ಬುದ್ಧಿ ಮಿಂಚಿತು. ಕಾಫಿ ಕುಡಿಯದ, ಗಟ್ಟಿಯಾಗಿ ನಗದ, ಮಧ್ಯಾಹ್ನ ಹದವಾಗಿ ನಿದ್ದೆ ಮಾಡುವ ಜೀವವೊಂದು ಮನೆಯಲ್ಲೇ ಇದೆಯಲ್ಲ!

“ಅತ್ತೆ, ನಿಮ್ಮ ಮಗಳು ಡಾಕ್ಟರ್ ಆಗೋದು ಬೇಡ್ವಾ?”

“ಇದೆಂಥ ಮಾತು! ಅವಳಿಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ.”

“ಪ್ರಾಣ ಬೇಡ, ತೋಳು ಸಾಕು. ಅವಳಿಗೆ ಮಾತ್ರ ಹೇಳ್ಬೇಡಿ.”

ವ್ಯವಸ್ಥೆ ಗಡಿಯಾರದ ಹಾಗೆ ನಡೆಯಿತು. ಬೆಳಿಗ್ಗೆ ಹೆಂಡತಿ ಹೊರಟ ಮೇಲೆ ಪಟ್ಟಿಯನ್ನು ಅತ್ತೆಗೆ ಕಟ್ಟಿ ಆಫೀಸಿಗೆ ಹೋಗುವೆ. ಸಂಜೆ ಅವಳಿಗಿಂತ ಮೊದಲೇ ಬಂದು ಬಿಚ್ಚಿಕೊಳ್ಳುವೆ. ಅತ್ತೆ ಪ್ರತಿದಿನ ಬಾಗಿಲಲ್ಲೇ ತೋಳು ಚಾಚಿ ನಿಂತಿರುತ್ತಿದ್ದರು. ಕಾಲ ಬುಡದಲ್ಲಿ ಪಕ್ಕದ ಮನೆಯ ದಂತವೈದ್ಯರ ನಾಯಿ ಗುಂಡ ಬಾಲ ಆಡಿಸುತ್ತಿರುತ್ತಿತ್ತು. ಹಗಲೆಲ್ಲ ಅದನ್ನು ನೋಡಿಕೊಳ್ಳುವವರು ನಮ್ಮತ್ತೆಯೇ.

ಕೆಲವು ದಿನ ಕಳೆದ ಮೇಲೆ ಊಟಕ್ಕೆ ಕೂತಾಗ ಹೆಂಡತಿಯ ಕಣ್ಣು ಹೊಳೆಯುತ್ತಿತ್ತು.

“ಒಂದು ವಿಚಿತ್ರ ಹೃದಯ ಸಿಕ್ಕಿದೆ ಕಣ್ರೀ! ಹೊಸದಾಗಿ ಸೇರಿದ ಮನುಷ್ಯ. ಮಧ್ಯಾಹ್ನ ಪ್ರಪಂಚದ ಪರಿವೇ ಇಲ್ದೆ ಮಲಗಿರ್ತಾನೆ. ಇದ್ದಕ್ಕಿದ್ದ ಹಾಗೆ ಬಡಿತ ಆಕಾಶಕ್ಕೆ ಹಾರುತ್ತೆ. ಹುಚ್ಚಾಪಟ್ಟೆ ಓಡಿದ ಹಾಗೆ! ಮರುಕ್ಷಣ ಮತ್ತೆ ನಿದ್ದೆ. ದಿನಾ ಅದೇ ಹೊತ್ತಿಗೆ.”

“ಯಾವ ಹೊತ್ತಿಗೆ?”

“ಅಂಚೆಯವನು ಬರ್ತಾನಲ್ಲ, ಹೆಚ್ಚುಕಡಿಮೆ ಆ ಹೊತ್ತಿಗೆ.”

ಅತ್ತೆಗೆ ನೀರು ನೆತ್ತಿಗೇರಿತು. ನಾನು ಅವರ ಮುಖವನ್ನೇ ಬೆರಗಾಗಿ ನೋಡಿದೆ. ಎಪ್ಪತ್ತರ ಹತ್ತಿರದ ಜೀವ! ಅಂಚೆಯವನು ಬಂದರೆ ಎದೆ ಹೀಗೆ ಹಾರುತ್ತದೆಂದರೆ ಯಾವ ಪತ್ರಕ್ಕೆ ಕಾಯುತ್ತಿದ್ದಾರೋ ಏನೋ! ಹಿರಿಯರ ಗುಟ್ಟು, ನಮಗೇಕೆ ಎಂದು ಅವರ ಕಡೆ ನೀರಿನ ಲೋಟ ಸರಿಸಿದೆ. ಒಳಗೊಳಗೇ ಹೆಮ್ಮೆಯೂ ಆಯಿತು. ಆ ಹೃದಯವನ್ನು ಪತ್ತೆಮಾಡಿ ಒದಗಿಸಿದವನು ನಾನೇ ಅಲ್ಲವೇ?

ಹೆಮ್ಮೆ ಇಳಿದದ್ದು ಸಹಾಯಕಿಯ ಫೋನು ಬಂದಾಗ.

“ಕಂಗ್ರಾಜುಲೇಷನ್ಸ್ ಸಾರ್! ಮಂಡನೆ ದಿನ ಪರೀಕ್ಷಕರ ಎದುರಿಗೆ ಟ್ರೆಡ್‌ಮಿಲ್ ಮೇಲೆ ಓಡಿ ಎದೆಬಡಿತ ತೋರಿಸೋಕೆ ನಿಮ್ಮನ್ನೇ ಆರಿಸಿದಾರೆ. ಈ ನಂಬರಿನವರು ಬರಲೇಬೇಕು ಅಂತ ಮೇಡಂ ವಿಶೇಷವಾಗಿ ಹೇಳಿದಾರೆ.”

ಹೋದರೆ ನಾನು ಸಿಕ್ಕಿಬೀಳುತ್ತೇನೆ. ಹೋಗದಿದ್ದರೆ ಅವಳು ಪರೀಕ್ಷಕರ ಮುಂದೆ ಒಬ್ಬಳೇ ನಿಂತು ಏನು ತೋರಿಸುತ್ತಾಳೆ? ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಅವಳು ಆ ಬೂಟು ಹಾಕಿಕೊಂಡು, ಗೋಡೆಯನ್ನೇ ಪರೀಕ್ಷಕರೆಂದು ತಿಳಿದು ಭಾಷಣ ಅಭ್ಯಾಸ ಮಾಡುತ್ತ ಓಡಾಡುತ್ತಿದ್ದಳು. ತೆರೆದ ಬಾಯನ್ನು ಮುಚ್ಚಿಕೊಂಡೆ. ಕೊನೆಗೆ ಧೈರ್ಯ ತಂದುಕೊಂಡೆ. ಅತ್ತೆಗೆ ಸಾಧ್ಯವಾಗುವುದು ಅಳಿಯನಿಗೆ ಸಾಧ್ಯವಿಲ್ಲವೇ?

ಆ ದಿನ ತೋಳಿಗೆ ಪಟ್ಟಿ ಬಿಗಿದು, ಟೋಪಿ ಹಾಕಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಸಭಾಂಗಣಕ್ಕೆ ಹೋದೆ. ಹೆತ್ತ ತಾಯಿಯೂ ಗುರುತಿಸಬಾರದು, ಹಾಗೆ! ಮುಂದಿನ ಸಾಲಿನಲ್ಲಿ ಪರೀಕ್ಷಕರು ಗಂಭೀರವಾಗಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ಮಗಳ ವೈಭವ ನೋಡಲು ಬಂದ ಅತ್ತೆ. ವೇದಿಕೆಯ ಮೇಲೆ ಓಡುವ ಯಂತ್ರ. ಹೆಂಡತಿ ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ದೃಷ್ಟಿ ನನ್ನ ಕಾಲಿನ ಹತ್ತಿರ ನಿಂತಿತು. ಒಂದು ಕಪ್ಪು ಕಾಲುಚೀಲ, ಒಂದು ಕಂದು, ನನ್ನ ನಿತ್ಯದ ಜೋಡಿ.

“ರೀ... ಏನ್ರೀ ಇದು?” ಎಂದಳು ಪಿಸುದನಿಯಲ್ಲಿ.

“ನಾನು ಬರೀ ನಂಬರು” ಎಂದೆ.

ಯಂತ್ರ ಶುರುವಾಯಿತು. ಮೊದಲು ನಡೆದೆ. ಆಮೇಲೆ ಓಡಿದೆ. ಆಮೇಲೆ ಯಂತ್ರವೊಂದೇ ಓಡುತ್ತಿತ್ತು! ನಾನು ಅದರ ಹಿಂದೆ ನೆಲದ ಮೇಲೆ, ಟೋಪಿ ಒಂದು ಕಡೆ, ಮಾಸ್ಕ್ ಒಂದು ಕಡೆ, ಏದುಸಿರು ಬಿಡುತ್ತ ಕೂತಿದ್ದೆ. ಹಿರಿಯ ಪರೀಕ್ಷಕರು ಪರದೆಯ ಮೇಲಿನ ಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಈ ಹೃದಯಕ್ಕೂ ನೀವು ಮೊದಲು ತೋರಿಸಿದ ಹೃದಯಕ್ಕೂ ಸಂಬಂಧವೇ ಇಲ್ವಲ್ಲಮ್ಮ?”

ಹೆಂಡತಿಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಕೈಮುಗಿದೆ. “ಅವಳದೇನೂ ತಪ್ಪಿಲ್ಲ ಸಾರ್! ನಾನು ಅವಳ ಗಂಡ, ಕದ್ದು ಸೇರಿಕೊಂಡೆ. ಆ ಹೃದಯ ನನ್ನದಲ್ಲ, ನಮ್ಮತ್ತೆಯದು!”

ಹಿಂದಿನ ಸಾಲಿನಿಂದ ಅತ್ತೆ ದಡಕ್ಕನೆ ಎದ್ದು ನಿಂತರು.

“ಅಯ್ಯೋ, ನನ್ನದೂ ಅಲ್ಲ ಅಳಿಯಂದಿರೇ! ತೋಳು ತುರಿಸ್ತಿತ್ತು ಅಂತ ನೀವು ಅತ್ತ ಹೋದ ಮೇಲೆ ಗುಂಡನ ಕಾಲಿಗೆ ಕಟ್ಟಿಬಿಡ್ತಿದ್ದೆ. ಅದು ನಾಯಿದು!”

ನಾನು ಅತ್ತೆಗೆ ಗುತ್ತಿಗೆ ಕೊಟ್ಟರೆ ಅವರು ನಾಯಿಗೆ ಒಳಗುತ್ತಿಗೆ ಕೊಟ್ಟಿದ್ದರು! ಭೂಮಿ ಬಾಯಿ ಬಿಡಲಿ ಎಂದು ಕಾದೆ. ಅದೂ ಬಿಡಲಿಲ್ಲ. ನನ್ನಿಂದಾಗಿ ಅವಳ ಇಷ್ಟು ವರ್ಷದ ದುಡಿಮೆ ಹಾಳಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಹೆಂಡತಿ ಮಾತ್ರ ಒಂದು ಗಳಿಗೆ ಕಣ್ಣುಮುಚ್ಚಿ, ತೆರೆದು, ಪರದೆಯ ಮೇಲೆ ಮುಂದಿನ ಪುಟ ಮೂಡಿಸಿದಳು. ಅದರಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಈ ಸ್ವಯಂಸೇವಕರ ಅಂಕಿಅಂಶವನ್ನು ಲೆಕ್ಕದಿಂದ ಕೈಬಿಡಲಾಗಿದೆ. ಕಾರಣ: ಇವರು ಬಹುಶಃ ಮನುಷ್ಯರಲ್ಲ.’

“ನನಗೆ ಮೊದಲೇ ಅನುಮಾನ ಬಂದಿತ್ತು ಸರ್” ಎಂದಳು, ಸ್ವಲ್ಪವೂ ತಡವರಿಸದೆ. “ಮನುಷ್ಯರ ಹೃದಯ ಹೀಗೆ ಏರಿಳಿಯಲ್ಲ. ಅದಕ್ಕೇ ಇವರನ್ನ ಬಿಟ್ಟು, ಬೇರೊಬ್ಬರನ್ನ ಸೇರಿಸ್ಕೊಂಡು ಲೆಕ್ಕ ಹಾಕಿದೆ. ನನ್ನ ಅನುಮಾನ ಸರಿಯಾ ಅಂತ ನಿಮ್ಮೆದುರಿಗೇ ಪರೀಕ್ಷೆ ಆಗಲಿ ಅಂತ ಕರೆಸಿದೆ. ಅದು ನಾಯಿ ಅಂತ ಈಗ ತಿಳೀತು. ಇವರು ನಮ್ಮ ಮನೆಯವರು ಅಂತಾನೂ ಈಗ್ಲೇ ತಿಳಿದದ್ದು.”

ಹಿರಿಯ ಪರೀಕ್ಷಕರು ಮೊದಲು ಕೆಮ್ಮಿದರು. ಆಮೇಲೆ ಅವರ ಭುಜ ಕುಣಿಯತೊಡಗಿತು. ಆಮೇಲೆ ಇಡೀ ಸಭಾಂಗಣವೇ ನಕ್ಕಿತು. ನಗು ನಿಂತ ಮೇಲೆ ಅವರು ಎದ್ದು, “ಅಭಿನಂದನೆಗಳು, ಡಾಕ್ಟರ್!” ಎಂದರು. ನಾನು ನೆಲದ ಮೇಲೆ ಕೂತೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅಷ್ಟು ಸಂತೋಷ ನನಗೆ ನನ್ನ ಯಾವ ಸಾಧನೆಗೂ ಆಗಿರಲಿಲ್ಲ. ಸಾಧನೆಗಳೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಮನೆಗೆ ಬರುವ ದಾರಿಯಲ್ಲಿ ಅವಳು ಹೊಸ ಬೂಟು ಟಕಟಕ ಅನ್ನಿಸುತ್ತ ಮುಂದೆ ಮುಂದೆ ನಡೆದಳು. ನಾನೂ ಅತ್ತೆಯೂ ತಪ್ಪಿತಸ್ಥ ಮಕ್ಕಳ ಹಾಗೆ ಹಿಂದೆ ಬಂದೆವು. ಗೇಟಿನ ಹತ್ತಿರ ಗುಂಡ ಓಡಿಬಂದು ಅವಳ ಮೇಲೆ ಹಾರಿದಾಗ ಮಾತ್ರ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ನಿಮ್ಮ ಗ್ರಾಫ್ ನೋಡಿ ನನಗೆ ಎದೆ ಝಲ್ ಅಂತು ಕಣ್ರೀ. ನಾಳೆಯಿಂದ ದಿನಾ ಬೆಳಿಗ್ಗೆ ನಡೀಬೇಕು. ಗುಂಡನ ಜೊತೆ.”

ನಡೆಯುತ್ತಿದ್ದೇನೆ. ಅವಳೇ ಎದ್ದು ನನ್ನ ತೋಳಿಗೊಂದು, ಗುಂಡನ ಕಾಲಿಗೊಂದು ಪಟ್ಟಿ ಕಟ್ಟಿ ಕಳಿಸುತ್ತಾಳೆ. ಅದು ಮುಂದೆ ಎಳೆಯುತ್ತದೆ, ನಾನು ಹಿಂದೆ ಹೋಗುತ್ತೇನೆ. ಕೊನೆಗೂ ಸಾಕ್ಷಾತ್ ಡಾಕ್ಟರೊಬ್ಬರ ಸಂಶೋಧನೆಗೆ ವಸ್ತುವಾದೆನಲ್ಲ ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮೊನ್ನೆ ಗತ್ತಿನಿಂದ ಕೇಳಿಯೂ ಬಿಟ್ಟೆ: “ಏನು ಡಾಕ್ಟರೇ, ನನ್ನ ಮೇಲಿನ ಸಂಶೋಧನೆ ಎಲ್ಲಿಗೆ ಬಂತು?”

“ನಿಮ್ಮ ಮೇಲಾ?” ಎಂದಳು ಅವಳು, ಗುಂಡನ ತಲೆ ನೇವರಿಸುತ್ತ. “ಸಂಶೋಧನೆ ಇವನ ಮೇಲೆ ಕಣ್ರೀ. ಸೋಮಾರಿ ಮನುಷ್ಯನ್ನ ದಿನಾ ಎಳ್ಕೊಂಡು ಹೋದ್ರೆ ನಾಯಿ ಹೃದಯಕ್ಕೆ ಎಷ್ಟು ಶ್ರಮ ಆಗುತ್ತೆ ಅಂತ!”