ಇಲಿ ಬಣ್ಣದ ಫ್ರೇಮು

ಫುಮಿಯೆ: ನೇರಳೆ ಅಂತ ಇನ್ನೊಂದು ಸಲ ಬಾಯಿ ಬಿಟ್ರೆ ನಾನು ಎದ್ದು ಹೋಗ್ತೀನಿ.

ತೆತ್ಸುಜಿ: ಹೋಗು. ಹೋಗೋವಾಗ ಬಾಗಿಲು ಎಳ್ಕೊಂಡು ಹೋಗು, ಗಾಳಿ ಬರುತ್ತೆ.

ಫುಮಿಯೆ: ಅಯ್ಯೋ, ಗಾಳಿಗೆ ಹೆದರೋ ಕಾಲ ಬಂತಾ? ಇಪ್ಪತ್ತೈದು ವರ್ಷ ಗಾಳಿಗೇ ಎದೆ ಒಡ್ಡಿದ ಗಂಡಸು ನೋಡಿ ಇವರು!

ಕುರುಮೆ ಊರಿನ ರೈಲು ಹಳಿ ಪಕ್ಕದ ನೊಗಾಮಿ ಕಿಹಾಚಿಯ ಶೆಡ್ಡಿನಲ್ಲಿ ಈ ಜಗಳ ಶುರುವಾಗಿ, ಬಗ್ಗಿಸಿದ ಚಹಾ ಎರಡು ಸಲ ಆರಿಹೋಗಿತ್ತು. ಕಿಹಾಚಿ ಉಕ್ಕಿನ ಕೊಳವೆ ಬೆಸೆದು ಕೇರಿನ್ ಓಟಗಾರರಿಗೆ ಸೈಕಲ್ಲು ಕಟ್ಟುವ ಮೇಸ್ತ್ರಿ. ಕೇರಿನ್ ಎಂದರೆ ಜನ ಬಾಜಿ ಕಟ್ಟುವ ಓಟ. ಅಲ್ಲಿನ ಸೈಕಲ್ಲಿಗೆ ಬ್ರೇಕಿಲ್ಲ, ಬೇಲಿಯಾಚೆ ನಿಂತವರ ಬಾಯಿಗೂ ಇಲ್ಲ.

ಎದುರಿಗೆ ಕೂತಿದ್ದ ಮೊಮೊಸಾಕಿ ತೆತ್ಸುಜಿಗೆ ನಲವತ್ತಾರು ವರ್ಷ. ಕಟ್ಟಕಡೆಯ ದರ್ಜೆಗೆ ಇಳಿದು, ಅದರಲ್ಲೂ ಕೆಳಗಿನ ಅಂಚಿನಲ್ಲಿ ನೇತಾಡುತ್ತಿದ್ದ. ಬೇಸಿಗೆಯೊಳಗೆ ಅಂಕ ಏರದಿದ್ದರೆ ಲೈಸೆನ್ಸು ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ. ಆ ಅಂಕವನ್ನು ಎತ್ತಬೇಕಾದದ್ದು ಈಗ ಕಟ್ಟಿಸುತ್ತಿರುವ ಸೈಕಲ್ಲು. ಇದೆಲ್ಲ ಕಿಹಾಚಿಗೆ ಗೊತ್ತು. ಅದಕ್ಕೇ ಬಣ್ಣ ಬಳಿದ ತಗಡಿನ ಚೂರುಗಳನ್ನು ಇಸ್ಪೀಟಿನ ಹಾಗೆ ಹರಡಿ, ತಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ತೆತ್ಸುಜಿ: ಮೇಸ್ತ್ರಿ, ಬರೀ ನೇರಳೆ ಅಲ್ಲ. ಅದರ ಮೇಲೆ ಚಿನ್ನದ ಪುಡಿ. ಬಿಸಿಲು ಬಿದ್ರೆ ಆಚೆ ತಿರುವಿನಲ್ಲಿ ಕೂತ ಕುಡುಕನಿಗೂ ಕಾಣಬೇಕು.

ಫುಮಿಯೆ: ಕಾಣುತ್ತೆ. ಏಳನೇ ನಂಬರು ಬಂದ್ರೆ ಕಿತ್ತಳೆ ಅಂಗಿ ಬೇರೆ ತೊಡಿಸ್ತಾರೆ. ಮೇಲೆ ಕಿತ್ತಳೆ, ಕೆಳಗೆ ನೇರಳೆ, ಮಧ್ಯೆ ಚಿನ್ನ. ಪಚಿಂಕೊ ಜೂಜಿನಂಗಡಿ ಬಾಗಿಲು ಕಿತ್ಕೊಂಡು ಓಡಿಹೋಗ್ತಿರೋ ಕಳ್ಳನ ಹಾಗೆ.

ತೆತ್ಸುಜಿ: ಅಂಗಿ ನನ್ನ ಕೈಲಿಲ್ಲ. ಈ ಕಸುಬಿನಲ್ಲಿ ಯಾವುದು ನನ್ನ ಕೈಲಿದೆ ಹೇಳು. ಪೆಡಲಿಗೆ ಸಂಘದ ಮುದ್ರೆ ಇರಬೇಕು, ಕಡ್ಡಿಗೆ ಮುದ್ರೆ, ಚೈನಿಗೆ ಮುದ್ರೆ, ಸೀಟಿನ ಕೆಳಗಿನ ಬೋಲ್ಟಿಗೂ ಮುದ್ರೆ. ಯಾರಪ್ಪನ ಮುದ್ರೆಯೂ ಇಲ್ಲದೆ ನನಗೆ ಬಿಟ್ಟಿರೋದು ಬಣ್ಣ ಒಂದೇ.

ಫುಮಿಯೆ: ನಿಮ್ಮ ಹಣೆಗೂ ಒಂದು ಮುದ್ರೆ ಒತ್ತಿಸಬೇಕಿತ್ತು. ಹೆಂಡತಿ ಮಾತು ಕೇಳೋ ಮಾದರಿ ಅಂತ.

ಕಿಹಾಚಿ: ಆ ಮಾದರಿ ತಯಾರಿಕೆ ನಿಂತು ಬಹಳ ಕಾಲ ಆಯ್ತು ತಾಯಿ. ಬಿಡಿಭಾಗಾನೂ ಸಿಗಲ್ಲ.

ಫುಮಿಯೆ: ಅಲ್ನೋಡಿ, ಮೂಲೇಲಿ. ಅದು ಬಣ್ಣ ಅಂದ್ರೆ!

ಕಿಹಾಚಿ ಚಹಾದ ಬಟ್ಟಲನ್ನು ಕೆಳಗಿಟ್ಟ. ಮೂಲೆಯ ಕೊಕ್ಕೆಯಲ್ಲಿ ಒಂದು ಹೊಸ ಫ್ರೇಮು ನೇತಾಡುತ್ತಿತ್ತು. ಇಲಿ ಬಣ್ಣ. ಹೊಳಪಿಲ್ಲ, ಗೆರೆಯಿಲ್ಲ, ಗೋಡೆಗೆ ಒರಗಿಸಿದರೆ ಗೋಡೆಯೇ ಎನ್ನಬೇಕು. ಕೆಳಗೆ ಅದರ ಒಡೆಯ ಹಳೆಯ ಸೈಕಲ್ಲಿನಿಂದ ಬಿಚ್ಚಿ ತಂದ ಭಾಗಗಳ ಬುಟ್ಟಿ, ಮೇಲೆ ಒಂದು ಟವೆಲು. ಒಳಗಿನ ಕೋಣೆಯಲ್ಲಿ ಇಡಬೇಕಾಗಿದ್ದನ್ನು ಕಿಹಾಚಿಯೇ ಬಣ್ಣ ಒಣಗಲಿ ಎಂದು ಇಲ್ಲೇ ಬಿಟ್ಟಿದ್ದ. ಒಬ್ಬ ಓಟಗಾರ ಮಾಡಿಸಿದ್ದನ್ನು ಇನ್ನೊಬ್ಬನಿಗೆ ಹೇಳುವುದು ಈ ಕಸುಬಿನಲ್ಲಿ ಹೇಸಿಗೆಯ ಕೆಲಸ. ಫ್ರೇಮು ಕಂಡರೆ ಒಡೆಯನ ಮನಸ್ಸು ಕಂಡ ಹಾಗೆ. ಗಾಳಿ ಒಡೆಯುತ್ತ ಮುಂದೆ ಹೋಗುವವನಿಗೆ ಉದ್ದನೆಯ, ಬಿಗಿಯಾದ ಫ್ರೇಮು ಬೇಕು. ಅವನ ಬೆನ್ನಿಗೆ ಅಂಟಿಕೊಂಡು ಬಂದು ಕೊನೆಯಲ್ಲಿ ಪಕ್ಕಕ್ಕೆ ನುಗ್ಗುವವನಿಗೆ ಗಿಡ್ಡನೆಯ, ಚುರುಕಾದದ್ದು.

ನೇತಾಡುತ್ತಿದ್ದದ್ದು ಗಿಡ್ಡ.

ಫುಮಿಯೆ: ಗಿಡ್ಡಕ್ಕಿದೆ, ಅಚ್ಚುಕಟ್ಟಾಗಿದೆ. ಬೆನ್ನಿಗೆ ಹೋಗೋನ ಸೈಕಲ್ಲು ತಾನೆ? ಯಾರೋ ತಲೆ ಇರೋನು. ಅವನ ಹೆಂಡತಿ ಪುಣ್ಯವಂತೆ.

ಕಿಹಾಚಿ: ಅವನಿಗೆ ಮದುವೆ ಆಗಿಲ್ಲ.

ಬಾಯಿಂದ ಜಾರಿದ ಮೇಲೆ ಕಿಹಾಚಿ ತಣ್ಣಗಿನ ಚಹಾವನ್ನು ಗಟಗಟ ಕುಡಿದ.

ಫುಮಿಯೆ: ಆಗಿಲ್ವಾ? ಹೆಂಡತಿ ಇಲ್ಲದೇನೇ ಇಷ್ಟು ಬುದ್ಧಿ ಇದೆ ಅಂದ್ರೆ ಎಂಥ ತಾಯಿ ಹೆತ್ತಿರಬೇಕು! ಇವರಿಗೂ ಅಂಥದ್ದೇ ಕಟ್ಟಿ ಮೇಸ್ತ್ರಿ. ಸೋಮವಾರ ನಾನೇ ಬಂದು ಹೇಳಿದ್ನಲ್ಲ, ಗಿಡ್ಡ ಅಂತ. ನೀವು ಹೂಂ ಅಂದ್ರಿ.

ತೆತ್ಸುಜಿ: ಏನು? ನಾನು ಮಂಗಳವಾರ ಫೋನು ಮಾಡಿ ಉದ್ದ ಅಂದೆ. ಎಂದಿನ ಹಾಗೆ, ಮುಂದೆ ಹೋಗೋ ಫ್ರೇಮು ಅಂದೆ. ನನಗೂ ಹೂಂ ಅಂದ್ರಲ್ಲ!

ಕಿಹಾಚಿ: ಹೂಂ ಅಂದ್ರೆ ಕೇಳಿಸ್ತು ಅಂತ ಕಣಯ್ಯಾ. ಮಾಡ್ತೀನಿ ಅಂತ ಯಾವಾಗ ಹೇಳಿದೆ? ಗಿರಾಕಿಗೆ ಇಲ್ಲ ಅಂತ ಮುಖಕ್ಕೆ ಹೇಳೋನು ಕುರುಮೆಯಲ್ಲಿ ಅಂಗಡಿ ಇಡಕ್ಕಾಗುತ್ತಾ?

ಫುಮಿಯೆ: ಹಾಗಾದ್ರೆ ಇನ್ನೂ ಬೆಸುಗೆಗೇ ಕೈ ಹಾಕಿಲ್ಲ?

ಕಿಹಾಚಿ: ಗಂಡ ಹೆಂಡತಿ ಒಂದೇ ಮಾತು ಹೇಳೋವರೆಗೂ ಉಕ್ಕು ಕಾಯಿಸಲ್ಲ ಅಂತ ಕೂತಿದೀನಿ. ಉಕ್ಕು ಸೇರಿಸೋದು ನನಗೆ ಗೊತ್ತು. ನಿಮ್ಮನ್ನ ಸೇರಿಸೋದು ನನ್ನ ಕೆಲಸ ಅಲ್ಲ.

ತೆತ್ಸುಜಿ ಬಾಗಿದ ಒಂದು ಹ್ಯಾಂಡಲ್ಲನ್ನು ಕೈಗೆತ್ತಿಕೊಂಡು, ಕೂತಲ್ಲೇ ತಲೆ ತಗ್ಗಿಸಿ, ಮೊಣಕೈ ಮಡಚಿ ಹಿಡಿದ. ಸೈಕಲ್ಲಿಲ್ಲದ ಸೈಕಲ್ ಸವಾರ.

ತೆತ್ಸುಜಿ: ನಾನು ಮುಂದೆ ಹೋಗೋನು. ನನ್ನ ಕಾಲು ಅದಕ್ಕೇ ಆಗಿರೋದು.

ಫುಮಿಯೆ: ಆಗಿತ್ತು. ಈಗ ಹೋದ ಸಲದ ಓಟ ಹೇಳಲಾ? ಇನ್ನೂ ಒಂದೂವರೆ ಸುತ್ತು ಇರೋವಾಗಲೇ ಗೂಳಿ ಹಾಗೆ ನುಗ್ಗಿದ್ರಿ. ಕೊನೆ ತಿರುವಿನಲ್ಲಿ ಉಸಿರು ಮುಗೀತು. ಆಮೇಲೆ ಆರು ಜನ ಸಾಲಾಗಿ ನಿಮ್ಮನ್ನ ದಾಟಿಹೋದ್ರು. ಏಳು ಜನರ ಓಟದಲ್ಲಿ ಆರು ಜನ! ಬೇಲಿ ಹತ್ತಿರ ನನ್ನ ಪಕ್ಕ ನಿಂತೋನು ಏನು ಕೂಗಿದ ಗೊತ್ತಾ?

ತೆತ್ಸುಜಿ: ಬೇಲಿ ಹತ್ತಿರ ನಿಂತೋರು ಏನೋ ಕೂಗ್ತಾರೆ.

ಫುಮಿಯೆ: 'ಮೊಮೊಸಾಕಿ, ನಿನ್ನ ಹೆಂಡತಿ ತರಕಾರಿ ಬುಟ್ಟಿ ಇಟ್ಕೊಂಡು ನಿನಗಿಂತ ಜೋರಾಗಿ ಹೋಗ್ತಾಳೆ' ಅಂದ. ನಾನು ತಲೆ ಮೇಲೆ ಟವೆಲು ಎಳ್ಕೊಂಡೆ. ಸುಳ್ಳಾಗಿದ್ರೆ ಅವನ ಕಪಾಳಕ್ಕೆ ಕೊಡ್ತಿದ್ದೆ.

ಕಿಹಾಚಿ: ನಿಜ ಹೇಳಿದ್ದಕ್ಕೆ ಬಚಾವಾದ.

ತೆತ್ಸುಜಿ: ನಾನು ಒಬ್ಬನೇ ಗೆಲ್ಲೋಕೆ ಹೋಗಿದ್ನಾ? ನಮ್ಮ ಸಾಲು ಎಳ್ಕೊಂಡು ಹೋದೆ. ಒಂದೇ ಸೀಮೆಯೋರು ಸಾಲು ಕಟ್ಟೋದು ನಮ್ಮ ಪದ್ಧತಿ. ಮುಂದಿನೋನು ಗಾಳಿ ಒಡೀಬೇಕು, ಬೆನ್ನಿಗಿರೋನು ಹಿಂದಿಂದ ನುಗ್ಗೋರನ್ನ ತಡೀಬೇಕು. ನನ್ನ ಬೆನ್ನಿಗೆ ಸೊನೊದ ಇದ್ದ. ಅವನು ಎರಡನೆಯವನಾಗಿ ಬಂದನಲ್ಲ!

ಫುಮಿಯೆ: ಅವನು ಬಂದ. ನೀವು ಹೋದ್ರಿ. ನಾನು ಹೇಳ್ತಿರೋದೂ ಅದನ್ನೇ. ಸೊನೊದನಿಗೆ ಇಪ್ಪತ್ತೇಳು. ತೊಡೆ ನೋಡಿದ್ರೆ ದೇವಸ್ಥಾನದ ಕಂಬ. ಅವನು ಒಡೀಲಿ ಗಾಳಿ. ನೀವು ಬೆನ್ನಿಗಿರಿ. ಹೊಸ ವರ್ಷದ ದಿನ ಮನೆಗೆ ಬಂದು ಅವನೇ ಹೇಳಿದ್ನಲ್ಲ! ಮೂಳೆ ಸಾರಿಗೆ ಮೂರು ಸಲ ಶಾವಿಗೆ ಹಾಕಿಸ್ಕೊಂಡು, ಕಣ್ಣಲ್ಲಿ ನೀರು ತಂದ್ಕೊಂಡು, 'ಅಣ್ಣಾ, ಚಳಿ ಕಳೀಲಿ, ಆಮೇಲೆ ನಾನೇ ಮುಂದೆ. ನೀವು ನನ್ನ ಬೆನ್ನಿಗೆ ಬನ್ನಿ. ಇಷ್ಟು ದಿನ ಎಳೆದಿದ್ದು ಸಾಕು' ಅಂದ. ನನಗೂ ಅಳು ಬಂತು.

ಕಿಹಾಚಿಗೆ ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲಿಲ್ಲ. ಮೂಲೆಯ ಕಡೆ ನೋಡಬಾರದು ಎಂದುಕೊಂಡಷ್ಟೂ ಅವನ ಕಣ್ಣು ಮೂಲೆಗೇ ಹೋಗುತ್ತಿತ್ತು. ಆ ಇಲಿ ಬಣ್ಣವನ್ನು ಆರಿಸಿ, 'ಗಿಡ್ಡ ಇರಲಿ ಮೇಸ್ತ್ರಿ, ಎಷ್ಟು ಗಿಡ್ಡ ಆಗುತ್ತೋ ಅಷ್ಟು' ಎಂದು ಹೇಳಿಹೋದವನು ಸೊನೊದನೇ. ಹೇಳಿದ್ದು ಹೊಸ ವರ್ಷದ ರಜೆ ಮುಗಿದ ಮಾರನೆಯ ದಿನ. ಮೂಳೆ ಸಾರು ಇನ್ನೂ ಅರಗಿತ್ತೋ ಇಲ್ಲವೋ.

ಫುಮಿಯೆ: ಬೆನ್ನು ತಟ್ಟಲಾ ಮೇಸ್ತ್ರಿ?

ಕಿಹಾಚಿ: ಬೇಡ ತಾಯಿ. ಬಣ್ಣದ ವಾಸನೆ. ತೆತ್ಸು, ನೀನೇ ಹೇಳಯ್ಯ. ಆ ಹುಡುಗ ಮಾತು ಕೊಟ್ಟಿದಾನೆ ಅಂತ ನಂಬಿ ಗಿಡ್ಡ ಫ್ರೇಮು ಕಟ್ಟಿಸ್ಕೋತೀಯಾ? ಇನ್ನೊಂದು ಸಲ ಕೇಳ್ಕೊಂಡು...

ಫುಮಿಯೆ: ಕೇಳೋದೇನಿದೆ? ಅವನು ಅತ್ತುಬಿಟ್ಟ ಅಂತ ನಾನೇ ಹೇಳಿದ್ನಲ್ಲ!

ಕಿಹಾಚಿ: ಅಳೋದಕ್ಕೆ ಮುದ್ರೆ ಬೇಕಿಲ್ಲ ತಾಯಿ.

ತೆತ್ಸುಜಿ: ಅವನು ಒಳ್ಳೆಯವನು ಮೇಸ್ತ್ರಿ. ಅವನ ಮಾತಲ್ಲ ಸಮಸ್ಯೆ. ಮುಂದೆ ಹೋಗೋನು ಅಂತ ನಾಕು ಜನ ಗುರುತಿಸ್ತಾರೆ, ನನಗಿರೋದು ಅದೊಂದೇ. ಅದನ್ನೂ ಬಿಟ್ಟು ಇನ್ನೊಬ್ಬನ ಅಂಡು ನೋಡ್ಕೊಂಡು ಹೋಗು ಅಂತೀಯಲ್ಲೇ.

ಫುಮಿಯೆ: ಹೌದು ಅಂತೀನಿ! ರಬ್ಬರು ಬೂಟಿನ ಕಾರ್ಖಾನೆಯಲ್ಲಿ ನಾವು ಮುಷ್ಕರ ಮಾಡಿದಾಗ ಮುಂದಿನ ಸಾಲಲ್ಲಿ ನಿಂತೋಳು ನಾನು. ಬಾವುಟ ನನ್ನ ಕೈಲಿ, ಗೇಟಿನ ಕಬ್ಬಿಣ ನನ್ನ ಹಣೆಗೆ. ಏನು ಸಿಕ್ತು? ಮುಂದಿನ ಸಾಲಿನೋರಿಗೆ ಕೆಲಸ ಹೋಯ್ತು. ನಡುವಿನ ಸಾಲಿಗೆ ಸಂಬಳ ಜಾಸ್ತಿ ಆಯ್ತು. ಹಿಂದಿನ ಸಾಲಲ್ಲಿ ನಿಂತು ನನ್ನ ಬೆನ್ನಿಗೆ ಜೈ ಅಂದೋಳು ಆಮೇಲೆ ಮೇಲ್ವಿಚಾರಕಿ ಆದ್ಲು. ಈಗಲೂ ಮಾರ್ಕೆಟ್ಟಲ್ಲಿ ಸಿಕ್ಕಿದ್ರೆ 'ಆವತ್ತು ನಾವೆಲ್ಲ ಹೋರಾಡಿದ್ವಲ್ಲ ಫುಮಿಯೆ' ಅಂತಾಳೆ. ನಾವಂತೆ! ಒಂದು ಮನೆಗೆ ಒಬ್ಬರು ಮುಂದೆ ನಿಂತಿದ್ದು ಸಾಕು ಕಣ್ರೀ. ನೀವಾದ್ರೂ ಹಿಂದೆ ನಿಂತು ಹೊಟ್ಟೆ ತುಂಬಿಸ್ಕೊಳ್ಳಿ.

ಶೆಡ್ಡಿನ ಪಕ್ಕ ರೈಲು ಹೋಯಿತು. ಗೋಡೆಯ ಮೇಲೆ ತೂಗುಹಾಕಿದ್ದ ರಿಮ್ಮುಗಳೆಲ್ಲ ಗಿಲಿಗಿಲಿ ಅಂದವು. ತೆತ್ಸುಜಿ ಹ್ಯಾಂಡಲ್ಲನ್ನು ಕೆಳಗಿಟ್ಟ. ನೇರಳೆ ಚೂರನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಂದು ಸಲ ತಿರುಗಿಸಿ ನೋಡಿ, ಮಗುಚಿಹಾಕಿದ.

ತೆತ್ಸುಜಿ: ಸರಿ. ಗಿಡ್ಡ ಕಟ್ಟಿ ಮೇಸ್ತ್ರಿ. ಅವಳು ಹೇಳಿದ ಬಣ್ಣಾನೇ ಹಾಕಿ. ಯಾವುದದು, ಇಲಿದು.

ಫುಮಿಯೆ ಗೆದ್ದಿದ್ದಳು. ಗೆದ್ದವಳ ಮುಖ ಮಾತ್ರ ಮೂಲಂಗಿ ಉಪ್ಪಿನಕಾಯಿ ಕಚ್ಚಿದ ಹಾಗಿತ್ತು.

ಫುಮಿಯೆ: ಅಷ್ಟು ಬೇಗ ಒಪ್ಕೊಂಡ್ರಾ?

ತೆತ್ಸುಜಿ: ಒಪ್ಕೊಳ್ಳದಿದ್ರೆ ಬೈತೀಯ. ಒಪ್ಕೊಂಡ್ರೂ ಬೈತೀಯಾ?

ಫುಮಿಯೆ: ಪೆಡಲಿಗೆ ಕಾಲು ಬಿಗಿಯೋ ಪಟ್ಟಿ ಬೇಕಾದ್ರೆ ಕೆಂಪು ಹಾಕಿಸ್ಕೊಳ್ಳಿ.

ತೆತ್ಸುಜಿ: ಹೆಣಕ್ಕೆ ಲಿಪ್‌ಸ್ಟಿಕ್ ಯಾಕೆ? ಅದೂ ಇಲಿ ಬಣ್ಣಾನೇ ಇರಲಿ. ಎಲ್ಲಿ, ಆ ಫ್ರೇಮು ಸ್ವಲ್ಪ ನೋಡ್ತೀನಿ, ಎಷ್ಟು ಗಿಡ್ಡ ಇದೆ ಅಂತ.

ಕಿಹಾಚಿ: ಮುಟ್ಟಬೇಡ! ಹಸಿ ಇದೆ!

ತೆತ್ಸುಜಿ: ಮುಟ್ಟಲ್ಲ ಮಾರಾಯ್ರೆ, ನೋಡ್ತೀನಿ ಅಷ್ಟೆ.

ನೋಡಲು ಬಗ್ಗಿದವನ ಕಾಲು ಬುಟ್ಟಿಗೆ ತಗುಲಿತು. ಟವೆಲು ಜಾರಿತು. ಬುಟ್ಟಿಯ ಮೇಲ್ತುದಿಯಲ್ಲಿ ಒಂದು ಸೀಟು, ಹಿಂಬದಿ ಹರಿದು, ಹಸಿರು ಟೇಪಿನ ತೇಪೆ ಹಾಕಿಸಿಕೊಂಡದ್ದು. ತೆತ್ಸುಜಿ ಬಗ್ಗಿದವನು ಬಗ್ಗಿಯೇ ಉಳಿದ.

ತೆತ್ಸುಜಿ: ಈ ಸೀಟು ನನಗೆ ಗೊತ್ತು.

ಕಿಹಾಚಿ: ಸೀಟೆಲ್ಲ ಒಂದೇ ಥರ ಇರ್ತವಯ್ಯ. ಸಂಘದ ಮುದ್ರೆ ನೋಡು ಬೇಕಾದ್ರೆ.

ತೆತ್ಸುಜಿ: ಅಲ್ಲ ಮೇಸ್ತ್ರಿ. ಈ ಹಸಿರು ತೇಪೆ ನನ್ನ ಕನಸಲ್ಲೂ ಬರುತ್ತೆ. ಓಟ ಮುಗಿಯೋ ಗೆರೆ ಇನ್ನೇನು ಬಂತು ಅನ್ನೋವಾಗ ಪ್ರತೀ ಸಲ ನನ್ನ ಬಲಗಡೆಯಿಂದ ಹಾದು ಮುಂದಕ್ಕೆ ಹೋಗುತ್ತೆ.

ಫುಮಿಯೆ: ಯಾರದ್ರೀ?

ತೆತ್ಸುಜಿ ಟವೆಲನ್ನು ಎತ್ತಿ ಸೀಟಿನ ಮೇಲೆ ಮತ್ತೆ ಹೊದಿಸಿದ. ಫುಮಿಯೆ ಕಿಹಾಚಿಯತ್ತ ತಿರುಗಿದಳು. ಕಿಹಾಚಿ ಖಾಲಿ ಬಟ್ಟಲಿನಲ್ಲಿ ಇಲ್ಲದ ಚಹಾ ಕುಡಿಯತೊಡಗಿದ.

ಫುಮಿಯೆ: ಮೇಸ್ತ್ರಿ. ಮದುವೆ ಆಗಿಲ್ಲ ಅಂದ್ರಿ. ತಲೆ ಇರೋನು. ತೊಡೆ ಹೇಗಿದೆ?

ಕಿಹಾಚಿ: ತಾಯಿ, ಒಬ್ಬನ ವಿಷಯ ಇನ್ನೊಬ್ಬರಿಗೆ ಹೇಳೋ ಪದ್ಧತಿ ನನಗಿಲ್ಲ. ನಾನು ಏನೂ ಹೇಳಿಲ್ಲ. ಬುಟ್ಟಿ ಒದ್ದೋನು ನಿಮ್ಮ ಗಂಡ.

ಫುಮಿಯೆ: ಸೊನೊದ!

ಆ ಹೆಸರನ್ನು ಅವಳು ಕೂಗಿದ ರೀತಿಗೆ ಕಾರ್ಖಾನೆಯ ಗೇಟು ಇನ್ನೊಂದು ಸಲ ಅಲುಗಾಡಬೇಕಿತ್ತು.

ಫುಮಿಯೆ: ಮೂರು ಸಲ ಶಾವಿಗೆ! ಕೊನೇ ಸಲ ನನ್ನ ಪಾಲಿಂದು ಹಾಕಿದ್ದೆ! 'ನಾನೇ ಮುಂದೆ ಅಣ್ಣಾ' ಅಂದೋನು ಬೆನ್ನಿಗೆ ಹೋಗೋ ಫ್ರೇಮು ಯಾಕೆ ಕಟ್ಟಿಸ್ತಾನೆ?

ತೆತ್ಸುಜಿ: ಅವನಿಗೂ ಗಾಳಿ ಭಯ ಇರಬೇಕು.

ತೆತ್ಸುಜಿ ನಗುತ್ತಿದ್ದ. ಬಹಳ ದಿನದಿಂದ ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿದ ಹಾಗೆ ನಗುತ್ತಿದ್ದ.

ತೆತ್ಸುಜಿ: ನಾನೊಬ್ಬನೇ ಹೆದರಿದೀನಿ ಅಂತ ಒಂದು ವರ್ಷದಿಂದ ನಿದ್ದೆ ಕೆಡಿಸ್ಕೊಂಡಿದ್ನಲ್ಲೇ! ಈಗ ಇಬ್ಬರೂ ಗಿಡ್ಡ ತಗೊಂಡ್ರೆ ಚೆನ್ನಾಗಿರುತ್ತೆ. ನೀ ಮುಂದೆ ಹೋಗು, ನೀ ಮುಂದೆ ಹೋಗು ಅಂತ ಇಬ್ಬರೂ ನಿಂತಲ್ಲೇ ನಿಂತ್ಕೊಂಡು...

ಫುಮಿಯೆ: ನಗಬೇಡಿ! ಮುಂದಿನ ಓಟ ಇಬ್ಬರಿಗೂ ಒಟ್ಟಿಗೇ ತಾನೆ? ಹಿಂದಿನ ದಿನ ಪತ್ರಿಕೆಯೋರು ಬಂದು ಯಾರು ಯಾರ ಬೆನ್ನಿಗೆ ಅಂತ ಕೇಳ್ತಾರಲ್ಲ, ಏನು ಹೇಳ್ತೀರಿ?

ತೆತ್ಸುಜಿ: ಒಬ್ಬನೇ ಅಂತ.

ಫುಮಿಯೆ: ಹಾಂ?

ತೆತ್ಸುಜಿ: ನನಗೆ ಸಾಲಿಲ್ಲ, ಒಬ್ಬನೇ ಹೋಗ್ತೀನಿ ಅಂತ ಹೇಳ್ತೀನಿ. ಅವನನ್ನ ಎಳ್ಕೊಂಡು ಹೋಗಬೇಕು ಅಂತಾನೇ ಅಲ್ವೇನೇ ಒಂದೂವರೆ ಸುತ್ತು ಇರೋವಾಗಲೇ ನುಗ್ಗಿ ಸಾಯ್ತಿದ್ದಿದ್ದು? ಹೊರೋ ಹೊರೆ ಇಲ್ಲ ಅಂದ್ರೆ ಅರ್ಧ ಸುತ್ತು ಇರೋವರೆಗೂ ಕಾಯಬಹುದು. ಅಷ್ಟು ಉಸಿರು ಇದೆ ನನಗೆ. ಗೆಲ್ತೀನಿ ಅನ್ನಲ್ಲ. ಕೊನೇಲಂತೂ ಬರಲ್ಲ.

ಫುಮಿಯೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಗುಚಿಬಿದ್ದಿದ್ದ ತಗಡಿನ ಚೂರನ್ನು ಎತ್ತಿ ಕಿಹಾಚಿಯ ಮುಂದೆ ಠಪ್ಪನೆ ಇಟ್ಟಳು.

ಫುಮಿಯೆ: ಉದ್ದ ಫ್ರೇಮು. ನೇರಳೆ. ಕಾಲು ಪಟ್ಟಿ ಕೆಂಪು.

ಕಿಹಾಚಿ: ಚಿನ್ನದ ಪುಡಿ?

ಫುಮಿಯೆ: ಡಬ್ಬಿ ಪೂರ್ತಿ ಸುರೀರಿ. ಹಿಂದಿನ ಕಡೆಗೆ ಜಾಸ್ತಿ. ನೋಡಬೇಕಾದೋನು ಅಲ್ಲೇ ಇರ್ತಾನೆ.

ಕಿಹಾಚಿ: ಹಾಗಾದ್ರೆ ಆ ಮೂಲೇಲಿರೋ ಬಣ್ಣ? ಬಣ್ಣ ಅಂದ್ರೆ ಅದು ಅಂತಿದ್ರಿ ತಾಯಿ.

ಫುಮಿಯೆ: ಈಗಲೂ ಅಂತೀನಿ. ಬಣ್ಣದ್ದೇನು ತಪ್ಪು? ಇಲಿಗೆ ಬಹಳ ಒಪ್ಪುತ್ತೆ.