ಮಾವನಿಗೆ ಆರ್ಗಾನ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ತೂತು. ಸಾಸಿವೆ ಕಾಳೂ ನುಸುಳದಷ್ಟು ಸಣ್ಣದು. ಶ್ರೀಕಾಂತನ ಮನೆಯ ಸ್ಟೀಲ್ ಕೊಡಪಾನದ ಮೇಲೆ "ಅರ್ಪಣಾಗೆ ತಂದೆ ಗಣಪಯ್ಯ, ಭಂಡಿಗಡಿ" ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತಲ್ಲ, ಅದರಲ್ಲಿ ಗಣಪಯ್ಯನ 'ಪ' ಅಕ್ಷರದ ಹೊಟ್ಟೆಯಿಂದ ನೀರು ಜಿನುಗುತ್ತಿತ್ತು. ಹೆಸರು ಕೊರೆದವನು ಮದುವೆ ಗಡಿಬಿಡಿಯಲ್ಲಿ ಸೂಜಿಯನ್ನು ಜೋರಾಗಿ ಒತ್ತಿದ್ದನೋ ಏನೋ.

"ಶನಿವಾರ ಪೇಟೆಗೆ ಹೋದಾಗ ರಿಪೇರಿಗೆ ಕೊಡ್ತೇನೆ. ನೀವು ಮಾತ್ರ ಅದನ್ನ ಮುಟ್ಬೇಡಿ. ಅಪ್ಪ ಕೊಟ್ಟಿದ್ದು ಅಂತ ಉಳಿದಿರೋದು ಅದೊಂದೇ," ಎಂದು ಹೇಳಿ ಅರ್ಪಣಾ ಟೀಚರ್ ಟ್ರೈನಿಂಗಿಗೆಂದು ಶೃಂಗೇರಿ ಬಸ್ಸು ಹತ್ತಿದಳು. ವಾಪಸು ಬರುವುದು ಸಂಜೆ ಐದಕ್ಕೆ.

ಮುಟ್ಟಬೇಡಿ ಎಂದದ್ದೇ ತಪ್ಪಾಯಿತು. ಶ್ರೀಕಾಂತ ಕೊಪ್ಪದ ಒಂದು ಸೊಸೈಟಿಯಲ್ಲಿ ಗುಮಾಸ್ತ. ಮೂರು ತಿಂಗಳಿಂದ ಮೊಬೈಲಿನಲ್ಲಿ ಟಿಗ್ ವೆಲ್ಡಿಂಗ್ ವೀಡಿಯೋ ನೋಡಿ ನೋಡಿ, ಊಟದ ತಟ್ಟೆ ಕಂಡರೂ ಎಲ್ಲಿ ಬೆಸೆಯಲಿ ಎಂದು ಹುಡುಕುವ ಹಂತಕ್ಕೆ ಬಂದಿದ್ದ. ಮಷೀನು ಬಂದು ವಾರವಾಗಿತ್ತು. ಬೆಸೆಯುವ ಜಾಗಕ್ಕೆ ಗಾಳಿ ತಾಗದಂತೆ ಊದುವ ಆರ್ಗಾನ್ ಗ್ಯಾಸಿನ ಸಿಲಿಂಡರ್ ಇವತ್ತು ಶಿವಮೊಗ್ಗದಿಂದ ಬರುವುದಿತ್ತು. ಹೆಂಡತಿ ಬರುವುದರೊಳಗೆ ಕೊಡಪಾನ ಹೊಸದಾಗಿರಬೇಕು, ಅವಳು ಬೆರಗಾಗಬೇಕು, ಅಷ್ಟೇ ಅವನ ಆಸೆ.

ರಜೆ ಬೇಕಲ್ಲ? ಸ್ವಂತ ಹೊಟ್ಟೆನೋವು, ತಲೆನೋವು, ಸೊಂಟನೋವುಗಳೆಲ್ಲ ಈ ವರ್ಷ ಆಗಲೇ ಖರ್ಚಾಗಿದ್ದವು. ಸೊಸೈಟಿಯ ಸೆಕ್ರೆಟರಿ ರೇಣುಕಪ್ಪನವರಿಗೆ ಮೆಸೇಜು ಹಾಕಿದ: "ಮಾವನವರಿಗೆ ಉಸಿರಾಟದ ತೊಂದರೆ. ನಮ್ಮ ಮನೆಯಲ್ಲೇ ಇದ್ದಾರೆ. ಒಂದು ದಿನ ರಜೆ ಕೊಡಬೇಕು."

ಎಂಟು ಗಂಟೆಗೆ ಪಿಕಪ್ ಬಂತು. ಆಳೆತ್ತರದ ನವಿಲುನೀಲಿ ಸಿಲಿಂಡರನ್ನು ಇಬ್ಬರು ಹಿಡಿದು ಇಳಿಸುವುದನ್ನು ಎದುರುಮನೆಯ ಮೂಕಾಂಬಿಕಾ ನೋಡಿದಳು. ಆಕೆಯ ಗಂಡ ದೇವಪ್ಪ ಅದೇ ಸೊಸೈಟಿಯ ಅಟೆಂಡರ್. ಮುಂದಿನದು ಹೇಳಬೇಕಾಗಿಲ್ಲ.

ಗಾಳಿಯಾಡಿದರೆ ವೆಲ್ಡಿಂಗ್ ಕೆಡುತ್ತದೆಂದು ವೀಡಿಯೋದವನು ಹೇಳಿದ್ದ. ಶ್ರೀಕಾಂತ ಜಗಲಿಯ ಪಕ್ಕದ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಬಲಗೈಯಲ್ಲಿ ಕಿಡಿ ಉಗುಳುವ ಟಾರ್ಚು, ಎಡಗೈಯಲ್ಲಿ ಕರಗಿಸಿ ತುಂಬುವ ತಂತಿ, ಕಾಲಡಿಯಲ್ಲಿ ಕರೆಂಟು ಏರಿಸಿ ಇಳಿಸುವ ಪೆಡಲು. ಹೊಲಿಗೆ ಮಷೀನು ತುಳಿಯುತ್ತಲೇ ಸೂಜಿಗೆ ದಾರ ಪೋಣಿಸಿದ ಹಾಗಾಯಿತು. ಕಪ್ಪು ಗಾಜಿನ ಹೆಲ್ಮೆಟ್ ಇಳಿಸಿದರೆ ಕೊಡಪಾನ ಕಾಣುವುದಿಲ್ಲ, ಎತ್ತಿದರೆ ಫಳ್ ಎಂದು ಕಣ್ಣು ಕುಕ್ಕುತ್ತದೆ. ಎತ್ತಿಯೇ ಮಾಡಿದ. ತೆಳು ಸ್ಟೀಲು ಕಾದು ಕೆಂಪಾಯಿತು, ಕರಗಿ ತೊಟ್ಟಿಕ್ಕಿತು. ಸಾಸಿವೆಯಷ್ಟಿದ್ದ ತೂತು ಕಡಲೆಯಷ್ಟಾಯಿತು. ಅದನ್ನು ಮುಚ್ಚಲು ಹೋದರೆ ನಿಂಬೆಹಣ್ಣಿನಷ್ಟಾಯಿತು. ಹನ್ನೊಂದು ಗಂಟೆಗೆ ಅವನು ಬೆವರು ಒರೆಸಿಕೊಂಡು ನೋಡಿದಾಗ ಕೈ ತೂರಿಸಿ ಒಳಗೆ ತೊಳೆಯಬಹುದಾಗಿತ್ತು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಹೊರಗೆ ಬಂದರೆ ಮೂಕಾಂಬಿಕಾ, ಕೈಯಲ್ಲಿ ಕಷಾಯದ ಚೊಂಬು.

"ಮಾವನ್ನ ನಮಗೆ ಗೊತ್ತಾಗದ ಹಾಗೆ ಯಾವಾಗ ಕರ್ಕೊಂಡು ಬಂದ್ರಿ ಮಾರಾಯ್ರೆ? ಸಾಹೇಬ್ರು ಹೇಳಿದ್ರಂತೆ, ಇವರು ಫೋನ್ ಮಾಡಿದ್ರು. ಆಕ್ಸಿಜನ್ ಇಟ್ಟಿದ್ದಾರಾ?"

ಇಲ್ಲವೆಂದರೆ ರಜೆಯ ಸುಳ್ಳು ಸೊಸೈಟಿಗೆ ಮುಟ್ಟುತ್ತದೆ. ಸುಳ್ಳು ರಜೆಗೆ ರೇಣುಕಪ್ಪ ಹೋದ ತಿಂಗಳಷ್ಟೇ ಒಬ್ಬನನ್ನು ಸಸ್ಪೆಂಡ್ ಮಾಡಿದ್ದರು. ಶ್ರೀಕಾಂತ ಹೌದೆಂದು ತಲೆಯಾಡಿಸಿದ.

"ಆಕ್ಸಿಜನ್ ಸಿಲಿಂಡರ್ ಕಪ್ಪಗಿರ್ತದಲ್ಲ, ಇದೆಂತ ನೀಲಿ?" ಎಂದವಳು, ಉತ್ತರವನ್ನೂ ತಾನೇ ಕೊಟ್ಟುಕೊಂಡಳು: "ಪ್ರೈವೇಟಿಂದು ಇರಬೇಕು."

ಗಾಬರಿಯಲ್ಲಿ ಅವನು ಗ್ಯಾಸಿನ ವಾಲ್ವು ಮುಚ್ಚುವುದನ್ನೇ ಮರೆತಿದ್ದ. ಮುಚ್ಚಿದ ಬಾಗಿಲ ಹಿಂದಿನಿಂದ ಸುಯ್ಯೆಂದು ಸದ್ದು ಬರುತ್ತಿತ್ತು. ಮೂಕಾಂಬಿಕಾ ಕಿವಿಗೊಟ್ಟು, "ಪಾಪ, ಎಷ್ಟು ಕಷ್ಟಪಟ್ಟು ಉಸಿರಾಡ್ತಿದ್ದಾರೆ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಲ್ಕೂವರೆಯ ಹೊತ್ತಿಗೆ ಜಗಲಿ ತುಂಬಿತು. ಕೇರಿಯ ಹೆಂಗಸರು, ಸೊಸೈಟಿಯ ನಾಲ್ಕು ಜನ, ಜತೆಗೆ ಮೂಸಂಬಿ ಚೀಲ ಹಿಡಿದ ಸಾಕ್ಷಾತ್ ರೇಣುಕಪ್ಪ. ಅದೇ ಹೊತ್ತಿಗೆ ಬೆಳಗಿನ ವೆಲ್ಡಿಂಗ್ ಬೆಳಕು ಕಣ್ಣಿನಲ್ಲಿ ತನ್ನ ಕೆಲಸ ಶುರುಮಾಡಿತು. ಮರಳು ಹಾಕಿ ತಿಕ್ಕಿದಂತೆ ಉರಿ. ಧಾರಾಕಾರ ನೀರು. ಮುಖ ಕೆಂಪೋ ಕೆಂಪು.

"ಮಾವನಿಗಾಗಿ ಹೀಗೆ ಅಳೋ ಅಳಿಯನ್ನ ನನ್ನ ಸರ್ವಿಸಲ್ಲೇ ನೋಡಿಲ್ಲ," ಎಂದು ರೇಣುಕಪ್ಪ ಅವನ ಬೆನ್ನು ಸವರಿದರು. "ಒಂದು ದಿನ ಎಂತಕ್ಕೆ, ವಾರ ರಜೆ ತಗೊಳ್ಳಿ. ಒಳಗೆ ಹೋಗಿ ನೋಡ್ಬಹುದಾ?"

"ಬೇಡ ಸರ್! ಈಗಷ್ಟೇ ನಿದ್ದೆ ಹತ್ತಿದೆ." ಶ್ರೀಕಾಂತ ಕೋಣೆಗೆ ನುಗ್ಗಿ ಕದ ಹಾಕಿಕೊಂಡ. ಗ್ಯಾಸಾದರೂ ಉಳಿಯಲಿ ಎಂದು ವಾಲ್ವು ಬಿಗಿ ಮಾಡಿದ.

ಸುಯ್ಯೆನ್ನುವ ಸದ್ದು ಥಟ್ಟನೆ ನಿಂತಿತು.

ಜಗಲಿಯಲ್ಲಿ ಎಲ್ಲರೂ ಎದ್ದು ನಿಂತರು. ಆಮೇಲೆ ಮೂಕಾಂಬಿಕಾ, "ಅಯ್ಯೋ! ಉಸಿರು ನಿಂತೋಯ್ತು! ಗಣಪಯ್ಯನೋರು ಹೋಗ್ಬಿಟ್ರು!" ಎಂದು ಬಾಯಿ ಬಡಿದುಕೊಂಡಳು. ಶ್ರೀಕಾಂತ ಹೊರಗೋಡಿ ಬಂದ. ಎಂತದೋ ಹೇಳಲೆಂದು ಬಾಯಿ ತೆರೆದರೆ ಕಣ್ಣೀರು ಬಾಯಿಗೇ ಇಳಿಯಿತು. ರೇಣುಕಪ್ಪ ಅವನನ್ನು ತಬ್ಬಿಕೊಂಡರು.

"ಯಾರು ಮಾರಾಯ್ರೆ ಹೋಗಿದ್ದು?"

ಮೆಟ್ಟಿಲ ಕೆಳಗೆ ಕೊಡೆ ಹಿಡಿದು, ಸೌತೆಕಾಯಿ ಚೀಲ ನೇತುಹಾಕಿಕೊಂಡು ಗಣಪಯ್ಯ ನಿಂತಿದ್ದರು. ಮಗಳ ಮನೆಗೆ ಆಕ್ಸಿಜನ್ ಹೋಯಿತೆಂಬ ಸುದ್ದಿ ಭಂಡಿಗಡಿಗೆ ಮುಟ್ಟಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಬಸ್ಸು ಹತ್ತಿದ್ದರು. ಮೂಕಾಂಬಿಕಾ ಮತ್ತೆ ತುಂಬಿಸಿ ತಂದಿದ್ದ ಕಷಾಯದ ಚೊಂಬು ಬಿದ್ದು ಅಂಗಳದವರೆಗೂ ಉರುಳಿತು. "ಒಳಗೆ ಮಲಗಿದ್ದೋರು... ಹೊರಗಿಂದ..."

ಗಣಪಯ್ಯ ಅಳಿಯನ ಮುಖ ನೋಡಿದರು. ಅವನು ರೇಣುಕಪ್ಪನವರ ಬೆನ್ನ ಹಿಂದಿನಿಂದ ಕೈಮುಗಿಯುತ್ತಿದ್ದ. ಹಳೆಯ ಪಂಚಾಯಿತಿ ಮೆಂಬರಿಗೆ ಅಷ್ಟು ಸಾಕಾಯಿತು.

"ಹಿತ್ತಲ ಬಾಗಿಲಿಂದ ಸ್ವಲ್ಪ ಗಾಳಿಗೆ ಹೋಗಿದ್ದೆ," ಎಂದರು. "ಆ ಆಕ್ಸಿಜನ್ ಹಿಡಿದ್ಮೇಲೆ ಎದೆ ಹಗುರಾಯ್ತು ನೋಡಿ."

ಶ್ರೀಕಾಂತನಿಗೆ ಹೋದ ಜೀವ ಬಂತು. ಆದರೆ ರೇಣುಕಪ್ಪನವರ ಕಣ್ಣು ಅರಳಿತು. "ಹಾಗಾದ್ರೆ ನಿಮಗಿನ್ನು ಸಿಲಿಂಡರ್ ಬೇಡ ಅಲ್ದಾ? ಶೆಟ್ಟಿಕೊಪ್ಪದಲ್ಲಿ ನಮ್ಮಮ್ಮನಿಗೆ ದಿನಾ ಆಕ್ಸಿಜನ್ ಬೇಕು, ಇವತ್ತಿಂದು ಬಂದಿಲ್ಲ. ದೇವಪ್ಪ, ಜೀಪಿಗೆ ಹಾಕೋ!"

ದೇವಪ್ಪ ಕೋಣೆಗೆ ನುಗ್ಗಿ ಸಿಲಿಂಡರನ್ನು ಉರುಳಿಸಿಕೊಂಡು ಬಂದೇಬಿಟ್ಟ. ಶ್ರೀಕಾಂತನ ಕಣ್ಣ ಮುಂದೆ ಕೆಲಸ, ಸಂಬಳ, ಮರ್ಯಾದೆ ಎಲ್ಲ ಒಮ್ಮೆ ಸುಳಿದುಹೋದವು. ಹಿಂದೆಯೇ, ಅವನು ಎಂದೂ ಮುಖ ಕಂಡಿರದ ಶೆಟ್ಟಿಕೊಪ್ಪದ ಆ ಮುದುಕಿಯೂ ಕಣ್ಣ ಮುಂದೆ ಬಂದಳು. ಅವನು ಹೋಗಿ ಸಿಲಿಂಡರನ್ನು ಬಿಗಿಯಾಗಿ ತಬ್ಬಿಕೊಂಡ.

"ಬೇಡ ಸರ್! ಇದು ಆಕ್ಸಿಜನ್ ಅಲ್ಲ, ಆರ್ಗಾನ್! ಇದನ್ನ ಹಿಡಿದ್ರೆ ಅಮ್ಮ ಉಳಿಯೋದಿಲ್ಲ! ಮಾವನಿಗೆ ಎಂತದೂ ಆಗಿಲ್ಲ. ನಾನು ವೆಲ್ಡಿಂಗ್ ಮಾಡ್ತಿದ್ದೆ!"

ರೇಣುಕಪ್ಪ ಮೂಸಂಬಿ ಚೀಲವನ್ನು ವಾಪಸು ಎತ್ತಿಕೊಂಡರು.

"ರಜಾ ಅರ್ಜಿಯಲ್ಲಿ ಸುಳ್ಳು," ಎಂದರು ಮೆಲ್ಲಗೆ. "ನಾಳೆ ಚೇಂಬರಿಗೆ ಬನ್ನಿ."

ಗಣಪಯ್ಯನವರಿಗೆ ಅಳಿಯನ ಮೇಲೆ ನಿಜಕ್ಕೂ ಮರುಕ ಹುಟ್ಟಿತು. "ಬಿಡಿ ಸಾಹೇಬ್ರೆ, ಎಂತದೋ ಒಳ್ಳೇ ಕೆಲಸಕ್ಕೇ ಮಾಡಿರ್ತಾರೆ. ಎಂತ ಬೆಸೀತಿದ್ರಿ ಅಳಿಯಂದ್ರೆ?" ಎನ್ನುತ್ತ ತಾವೇ ಕೋಣೆಯೊಳಗೆ ಹೋದರು. ಹೋದವರು ತುಂಬಾ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕೊಡಪಾನವಿತ್ತು. "ಅರ್ಪಣಾಗೆ ತಂದೆ" ಎಂಬುದು ನೆಟ್ಟಗಿತ್ತು, "ಭಂಡಿಗಡಿ"ಯೂ ಇತ್ತು. ನಡುವೆ ಗಣಪಯ್ಯ ಇರಬೇಕಾದಲ್ಲಿ ಕಪ್ಪು ಅಂಚಿನ ದೊಡ್ಡ ತೂತು, ಅದರಲ್ಲಿ ಅವರು ಒಳಗಿಂದ ತೂರಿಸಿದ ಬೆರಳು ಕಾಣುತ್ತಿತ್ತು.

"ಸಾಹೇಬ್ರೆ, ಅರ್ಜಿ ಸುಳ್ಳಲ್ಲ," ಎಂದರು. "ಬೆಳಿಗ್ಗೆಯೇ ಇವರು ನನ್ನನ್ನ ತೆಗೆದುಬಿಟ್ಟಿದ್ದಾರೆ."

ಗೇಟು ಕಿರುಗುಟ್ಟಿತು. ಅರ್ಪಣಾ ಬಂದಿದ್ದಳು. ಜಗಲಿಯ ಜನ ನೋಡಿದಳು, ಗಂಡನ ಕಣ್ಣೀರು ನೋಡಿದಳು, ಆಮೇಲೆ ಅಪ್ಪನ ಕೈಯಲ್ಲಿದ್ದದ್ದನ್ನು ನೋಡಿದಳು. ಶ್ರೀಕಾಂತನ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲದ್ದು ವೆಲ್ಡಿಂಗಿನದಲ್ಲ.